ಎಳೆಯ ಮಿದುಳಿನ ಪೆಟ್ಟೂ ರಕ್ತದ ಸಾಕ್ಷ್ಯವೂ

ಮಕ್ಕಳಿರುವ ಮನೆಯಲ್ಲಿ ಬೀಳುವುದೂ ಏಳುವುದೂ ಹೊಸತಲ್ಲ. ಕೂಸು ಮಂಚದಿಂದ ಉರುಳುವುದು, ಹುಡುಗನು ಹೊಸ್ತಿಲನ್ನೆಡವಿ ಮುಗ್ಗರಿಸುವುದು, ಹುಡುಗಿಯು ಸೀಬೆಯ ಮರದ ಕೊಂಬೆಯಿಂದ ಜಾರುವುದು, ಇವೆಲ್ಲ ಬಾಲ್ಯದೊಡನೆಯೇ ಬಂದ ಸಂಗತಿಗಳು. ಬಹುಸಲ ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿಹೋಗುವುದು. ಹಣೆಯ ಬುಗುಟೆಗೆ ತಣ್ಣೀರಿನ ಬಟ್ಟೆಯನ್ನಿಟ್ಟು, ದೃಷ್ಟಿ ತೆಗೆದು, ಅಜ್ಜಿಯು ಎರಡು ಸಮಾಧಾನದ ಮಾತುಗಳನ್ನಾಡುವಷ್ಟರಲ್ಲಿ ಮಗುವು ಮರಳಿ ಅಂಗಳಕ್ಕೆ ಓಡಿರುವುದು. ಆದರೆ ಎಲ್ಲ ಪೆಟ್ಟುಗಳೂ ಇಷ್ಟಕ್ಕೇ ಮುಗಿಯುವುವೆಂದು ಹೇಳುವಂತಿಲ್ಲ. ಮೋಟಾರು ಸೈಕಲ್ಲಿನ ಮೇಲೆ ತಂದೆತಾಯಿಗಳ ನಡುವೆ ಕುಳಿತಿದ್ದ ಮಗುವು ರಸ್ತೆಗೆ ಬಿದ್ದಾಗ, ಅಡ್ಡಗೋಡೆಯಿಲ್ಲದ ಮಾಳಿಗೆಯಿಂದ ಕಾಲು ಜಾರಿದಾಗ, ಕೆರೆಯಲ್ಲಿ ಮುಳುಗಿ ಉಸಿರು ನಿಂತ ಮಗುವನ್ನು ಯಾರೋ ಮೇಲಕ್ಕೆತ್ತಿ ತಂದಾಗ, ಹೆತ್ತವರ ಬಾಯಿಂದ ಎರಡೇ ಪ್ರಶ್ನೆಗಳು ಹೊರಡುವುವು. "ಒಳಗೆ ಏನಾಗಿದೆ?" ಎಂಬುದು ಮೊದಲನೆಯದು, "ನಮ್ಮ ಮಗು ಮೊದಲಿನಂತಾಗುವುದೇ?" ಎಂಬುದು ಎರಡನೆಯದು.

ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಲು ಇಂದಿನ ವೈದ್ಯರ ಬಳಿ ಯಂತ್ರಗಳುಂಟು. ಎರಡನೆಯದಕ್ಕೆ ಉತ್ತರ ಕೊಡುವುದು ಎಂತಹ ಅನುಭವಶಾಲಿಗೂ ಕಷ್ಟ. "ಕಾದು ನೋಡೋಣ" ಎಂಬ ಮಾತನ್ನು ಕೇಳಿಕೊಂಡು ಆಸ್ಪತ್ರೆಯ ಮೊಗಸಾಲೆಯಲ್ಲಿ ರಾತ್ರಿಗಳನ್ನು ಕಳೆದ ತಾಯಂದಿರು ನಮ್ಮ ವಾಚಕರಲ್ಲಿಯೂ ಇರಬಹುದು. ಈಚಿನ ವರ್ಷಗಳಲ್ಲಿ ಈ ಎರಡನೆಯ ಪ್ರಶ್ನೆಯ ಉತ್ತರವನ್ನು ಮಗುವಿನ ರಕ್ತದ ಕೆಲವು ಹನಿಗಳಲ್ಲಿ ಹುಡುಕುವ ಯತ್ನವು ನಡೆದಿದೆ. ಈ ಯತ್ನವು ಎಲ್ಲಿಯವರೆಗೆ ಬಂದಿದೆ, ಅದನ್ನು ಎಷ್ಟು ನಂಬಬಹುದು, ಮನೆಯವರಾದ ನಾವು ಅದರಿಂದ ತಿಳಿಯತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮಿದುಳು ನಮ್ಮ ದೇಹದ ಅತ್ಯಂತ ಗುಪ್ತವಾದ ಅಂಗ. ಕೈ ಮುರಿದರೆ ಊದಿಕೊಳ್ಳುವುದು, ಗಾಯವಾದರೆ ನೆತ್ತರು ಕಾಣುವುದು. ಮಿದುಳಾದರೋ ಎಲುಬಿನ ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಲ್ಪಟ್ಟಿದೆ. ಆದಕಾರಣ ವೈದ್ಯರು ಬಹುಕಾಲದವರೆಗೆ ಹೊರಗಿನ ನಡತೆಯನ್ನು ನೋಡಿಯೇ ಒಳಗಿನ ಸ್ಥಿತಿಯನ್ನು ಊಹಿಸಬೇಕಾಗಿತ್ತು. ಈ ಊಹೆಗೆ ಒಂದು ಕ್ರಮವನ್ನು ತಂದುಕೊಟ್ಟವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬ ಇಬ್ಬರು ವೈದ್ಯರು. ೧೯೭೪ರಲ್ಲಿ ಅವರು ಪ್ರಕಟಿಸಿದ ಪ್ರಜ್ಞೆಯ ಅಳತೆಗೋಲು ಇಂದು ಲೋಕದ ಎಲ್ಲ ಆಸ್ಪತ್ರೆಗಳಲ್ಲಿಯೂ ಬಳಕೆಯಲ್ಲಿದೆ. ರೋಗಿಯು ಕಣ್ಣು ತೆರೆಯುವ ರೀತಿಗೆ ೪, ಮಾತನಾಡುವ ರೀತಿಗೆ ೫, ಕೈಕಾಲುಗಳನ್ನಾಡಿಸುವ ರೀತಿಗೆ ೬, ಹೀಗೆ ಹೆಚ್ಚೆಂದರೆ ೧೫ ಅಂಕಗಳು, ಕಡಿಮೆಯೆಂದರೆ ೩. ಮೊತ್ತವು ೮ ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ತೀವ್ರವಾದುದೆಂದು ಎಣಿಸುವರು.

ಈ ಅಳತೆಗೋಲು ಬಹು ಉಪಯುಕ್ತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇನ್ನೂ ಮಾತು ಬಾರದ ಎಂಟು ತಿಂಗಳ ಕೂಸಿನ ಮಾತಿಗೆ ಅಂಕ ಕೊಡುವುದು ಹೇಗೆ? ಅದಕ್ಕಾಗಿ ಅಳುವಿನ ಬಗೆಯನ್ನು ನೋಡಿ ಅಂಕ ಕೊಡುವ ಬೇರೊಂದು ಕ್ರಮವನ್ನು ಏರ್ಪಡಿಸಿದರು. ಮಗುವಿನ ಗಂಟಲಿಗೆ ಉಸಿರಾಟದ ಕೊಳವೆಯನ್ನಿಟ್ಟು ನಿದ್ರೆಯ ಔಷಧವನ್ನು ಕೊಟ್ಟಮೇಲಂತೂ ನಡತೆಯನ್ನು ನೋಡಿ ತಿಳಿಯುವ ದಾರಿಯೇ ಬಹುಮಟ್ಟಿಗೆ ಮುಚ್ಚಿಹೋಗುವುದು. ತಿಳಿಯಬೇಕಾದ ಅಗತ್ಯವು ಹೆಚ್ಚಾಗಿರುವ ಹೊತ್ತಿನಲ್ಲಿಯೇ ತಿಳಿಯುವ ಸಾಧನವು ಕೈಬಿಡುವುದೆಂದಂತಾಯಿತು.

ಎರಡನೆಯ ಸಾಧನವು ಸಿ.ಟಿ. ಚಿತ್ರ. ಇಂಗ್ಲೆಂಡಿನ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಎಂಬ ಯಂತ್ರಶಿಲ್ಪಿಯು ನಿರ್ಮಿಸಿದ ಈ ಯಂತ್ರದಿಂದ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ೧೯೭೧ರ ಅಕ್ಟೋಬರ್ ತಿಂಗಳಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರವನ್ನು ತೆಗೆಯಲಾಯಿತು. ತಲೆಯ ಸುತ್ತಲೂ ಕ್ಷಕಿರಣಗಳನ್ನು ಹಾಯಿಸಿ, ಹಲಸಿನ ಹಣ್ಣನ್ನು ಅಡ್ಡಡ್ಡಲಾಗಿ ಕೊಯ್ದು ತೊಳೆಗಳನ್ನು ನೋಡಿದಂತೆ, ಮಿದುಳಿನ ಪದರ ಪದರವನ್ನೂ ಇದು ತೋರಿಸುವುದು. ಬುರುಡೆಯೊಳಗೆ ರಕ್ತವು ಹೆಪ್ಪುಗಟ್ಟಿದ್ದರೆ ಕೆಲವು ನಿಮಿಷಗಳಲ್ಲಿ ಗೊತ್ತಾಗುವುದು. ಶಸ್ತ್ರವೈದ್ಯನು ಕೂಡಲೇ ಅದನ್ನು ತೆಗೆದುಹಾಕಬಹುದು. ಈ ಯಂತ್ರದಿಂದ ಉಳಿದ ಪ್ರಾಣಗಳಿಗೆ ಲೆಕ್ಕವಿಲ್ಲ. ಹೌನ್ಸ್‌ಫೀಲ್ಡರಿಗೆ ೧೯೭೯ರಲ್ಲಿ ಅಲನ್ ಕೊರ್ಮಾಕ್ ಎಂಬವರೊಡನೆ ನೊಬೆಲ್ ಬಹುಮಾನವು ದೊರೆತದ್ದು ಯೋಗ್ಯವೇ ಆಗಿದೆ.

ಹಾಗಾದರೆ ತಲೆಗೆ ಪೆಟ್ಟಾದ ಪ್ರತಿಯೊಂದು ಮಗುವಿಗೂ ಈ ಚಿತ್ರವನ್ನು ತೆಗೆಸಿಬಿಡಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಎರಡು ಅಡ್ಡಿಗಳುಂಟು. ಮೊದಲನೆಯದು, ಕ್ಷಕಿರಣಗಳು ಬೆಳೆಯುವ ದೇಹಕ್ಕೆ ಹಿತವಾದುವಲ್ಲ. ಬ್ರಿಟನ್ನಿನಲ್ಲಿ ನಡೆಸಿದ ಒಂದು ದೊಡ್ಡ ಪರಿಶೀಲನೆಯು ೨೦೧೨ರಲ್ಲಿ ಪ್ರಕಟವಾಯಿತು. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ತೆಗೆದ ೧೦,೦೦೦ ತಲೆಯ ಚಿತ್ರಗಳಿಗೆ, ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು ಒಂದು ರಕ್ತದ ಕ್ಯಾನ್ಸರೂ ಒಂದು ಮಿದುಳಿನ ಗಂತಿಯೂ ಹೆಚ್ಚಾಗಿ ಬರುವುವೆಂದು ಅದರಲ್ಲಿ ಅಂದಾಜು ಮಾಡಿದ್ದರು. ಇದು ಸಣ್ಣ ಅಪಾಯವೇ ಸರಿ. ಅವಶ್ಯಕವಾದ ಚಿತ್ರವನ್ನು ಈ ಭಯದಿಂದ ಬೇಡವೆನ್ನುವುದು ಅವಿವೇಕ. ಅನವಶ್ಯಕವಾದುದನ್ನು ತೆಗೆಸುವುದೂ ಅಷ್ಟೇ ಅವಿವೇಕ. ಅಮೆರಿಕದಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ಬಂದ, ೧೪ ಅಥವಾ ೧೫ ಅಂಕಗಳಿದ್ದ ೪೨,೪೧೨ ಮಕ್ಕಳನ್ನು ಪರಿಶೀಲಿಸಿ ೨೦೦೯ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಮೂರರಲ್ಲೊಂದು ಪಾಲು ಮಕ್ಕಳಿಗೆ ಚಿತ್ರ ತೆಗೆದಿದ್ದರು. ಲಕ್ಷಿಸಬೇಕಾದಂತಹ ಮಿದುಳಿನ ಪೆಟ್ಟಾಗಿದ್ದದ್ದು ೩೭೬ ಮಕ್ಕಳಿಗೆ ಮಾತ್ರ. ಆ ವರದಿಯ ಆಧಾರದ ಮೇಲೆ, ಯಾವ ಮಗುವಿಗೆ ಚಿತ್ರ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ವೈದ್ಯರು ಇಂದು ಲಕ್ಷಣಗಳಿಂದ ನಿರ್ಧರಿಸುವರು.

ಎರಡನೆಯ ಅಡ್ಡಿಯು ಇನ್ನೂ ದೊಡ್ಡದು. ಸಿ.ಟಿ. ಚಿತ್ರವು ಹರಿದ ರಕ್ತವನ್ನು ತೋರಿಸಬಲ್ಲುದು. ಮುರಿದ ಎಲುಬನ್ನು ತೋರಿಸಬಲ್ಲುದು. ಆದರೆ ಕೂದಲೆಳೆಗಿಂತ ಸೂಕ್ಷ್ಮವಾದ ನರತಂತುಗಳು ಸೆಳೆದು ಕಡಿದಿದ್ದರೆ ಅನೇಕ ಸಲ ಅದನ್ನು ತೋರಿಸಲಾರದು. ಚಿತ್ರವು ಶುದ್ಧವಾಗಿದ್ದೂ ಮಗುವು ದಿನಗಟ್ಟಲೆ ಎಚ್ಚರಗೊಳ್ಳದಿರುವುದುಂಟು. ಚಿತ್ರದಲ್ಲಿ ಕಲೆಗಳಿದ್ದೂ ಮಗುವು ಚೆನ್ನಾಗಿ ಚೇತರಿಸಿಕೊಳ್ಳುವುದೂ ಉಂಟು. ಉಸಿರುಗಟ್ಟಿ ಅಥವಾ ಎದೆಯ ಬಡಿತ ನಿಂತು ಮಿದುಳಿಗೆ ಪ್ರಾಣವಾಯುವು ದೊರೆಯದೆ ಆದ ಹಾನಿಯಂತೂ ಮೊದಲ ಕೆಲವು ಗಂಟೆಗಳ ಚಿತ್ರದಲ್ಲಿ ಕಾಣದಿರಬಹುದು.

ಇಂತಹ ಸ್ಥಿತಿಯಲ್ಲಿ ವಿದ್ವಾಂಸರ ದೃಷ್ಟಿಯು ರಕ್ತದ ಕಡೆಗೆ ತಿರುಗಿತು. ಇದರ ಹಿಂದಿನ ತತ್ತ್ವವು ಸುಲಭವಾದುದು. ಅಡಿಗೆಯ ಮನೆಯಲ್ಲಿ ಹಾಲು ಉಕ್ಕಿ ಸೀದರೆ ಪಡಸಾಲೆಯಲ್ಲಿ ಕುಳಿತವರಿಗೂ ವಾಸನೆಯಿಂದ ಗೊತ್ತಾಗುವುದಷ್ಟೆ. ಹಾಗೆಯೇ ಒಂದು ಅಂಗದ ಕಣಗಳು ಒಡೆದರೆ ಅವುಗಳೊಳಗಿನ ದ್ರವ್ಯಗಳು ಹೊರಚೆಲ್ಲಿ ರಕ್ತದಲ್ಲಿ ಬೆರೆಯುವುವು. ಎದೆನೋವೆಂದು ಬಂದವರ ರಕ್ತದಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನನ್ನು ಅಳೆದು ಹೃದಯದ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಯುವುದು ಈಗ ನಮ್ಮ ಜಿಲ್ಲಾ ಊರುಗಳಲ್ಲಿಯೂ ನಡೆದಿದೆ. ಮಿದುಳಿಗೂ ಇಂತಹ ಒಂದು ದ್ರವ್ಯವು ದೊರೆತರೆ ಎಷ್ಟು ಚೆನ್ನಾಗಿತ್ತು! ವೈದ್ಯರು ಬಯೋಮಾರ್ಕರ್ ಎಂದು ಕರೆಯುವ ಇಂತಹ ದ್ರವ್ಯವನ್ನು ನಾವು ಇಲ್ಲಿ ಕುರುಹು ಎಂದು ಕರೆಯೋಣ.

ಆದರೆ ಮಿದುಳು ಇಲ್ಲಿಯೂ ತನ್ನ ಗುಟ್ಟನ್ನು ಸುಲಭವಾಗಿ ಬಿಟ್ಟುಕೊಡದು. ಮಿದುಳಿಗೂ ರಕ್ತಕ್ಕೂ ನಡುವೆ ಪ್ರಕೃತಿಯೇ ಒಂದು ಬಿಗಿಯಾದ ತಡೆಯನ್ನು ಕಟ್ಟಿದೆ. ಅದನ್ನು ದಾಟಿ ಹೊರಬರುವ ದ್ರವ್ಯವು ಅತ್ಯಲ್ಪ. ಅದನ್ನು ಅಳೆಯುವ ಮಾನವು ಪಿಕೋಗ್ರಾಂ, ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಇಷ್ಟು ಸೂಕ್ಷ್ಮವಾದುದನ್ನು ಹಿಡಿಯಬಲ್ಲ ಉಪಕರಣಗಳು ಕೈಗೆ ಬಂದದ್ದು ಈಚೆಗೆ. ಆದಕಾರಣವೇ ಈ ಶಾಖೆಯು ಹಳೆಯದಾದರೂ ಇದರ ಬೆಳವಣಿಗೆಯು ಹೊಸದು.

ಹಳೆಯದೆಂದೆವಷ್ಟೆ. ೧೯೬೫ರಲ್ಲಿ ಬ್ಲೇಕ್ ಮೂರ್ ಎಂಬ ಅಮೆರಿಕದ ವಿದ್ವಾಂಸರು ದನದ ಮಿದುಳಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅಮೋನಿಯಂ ಸಲ್ಫೇಟು ಎಂಬ ಲವಣದ ನೂರಕ್ಕೆ ನೂರು ತುಂಬಿದ ದ್ರಾವಣದಲ್ಲಿಯೂ ಅದು ಕರಗಿಯೇ ಇದ್ದುದರಿಂದ ಅದಕ್ಕೆ ಎಸ್-೧೦೦ ಎಂದು ಹೆಸರಾಯಿತು. ಅದರದೇ ಒಂದು ಬಗೆಯಾದ ಎಸ್-೧೦೦-ಬಿ ಎಂಬುದು ನರಕೋಶಗಳಿಗೆ ಆಸರೆಯಾಗಿರುವ ಪೋಷಕ ಕಣಗಳಲ್ಲಿ ಹೇರಳವಾಗಿದೆ. ಪೆಟ್ಟಾದ ಕೂಡಲೇ ಇದು ರಕ್ತದಲ್ಲಿ ಏರುವುದು; ಅಷ್ಟೇ ಬೇಗನೆ ಇಳಿದೂ ಹೋಗುವುದು. ಯೂರೋಪಿನ ಉತ್ತರದ ದೇಶಗಳ ವೈದ್ಯರು ೨೦೧೩ರಲ್ಲಿ, ಸಣ್ಣ ಪೆಟ್ಟಾದ ವಯಸ್ಕರಲ್ಲಿ ಆರು ಗಂಟೆಗಳೊಳಗೆ ಇದನ್ನು ಅಳೆದು, ಪ್ರಮಾಣವು ಕಡಿಮೆಯಿದ್ದರೆ ಕೆಲವರನ್ನು ಚಿತ್ರವಿಲ್ಲದೆಯೇ ಮನೆಗೆ ಕಳುಹಿಸಬಹುದೆಂದು ನಿಯಮವನ್ನು ಮಾಡಿದರು. ಆದರೆ ಇದು ಕೊಬ್ಬಿನಲ್ಲಿಯೂ ಮೃದ್ವಸ್ಥಿಯಲ್ಲಿಯೂ ಇದೆ. ಕಾಲು ಮುರಿದುಕೊಂಡ ಹುಡುಗನ ಮಿದುಳು ಕ್ಷೇಮವಾಗಿದ್ದರೂ ಈ ಕುರುಹು ಏರಬಹುದು. ಸಾಕ್ಷಿಯು ಸುಳ್ಳನಲ್ಲ, ಆದರೆ ಯಾರ ಮನೆಯ ಸಂಗತಿಯನ್ನು ಹೇಳುತ್ತಿರುವನೆಂಬುದು ಸ್ಪಷ್ಟವಿಲ್ಲ.

ಎರಡನೆಯ ಕುರುಹು ಎನ್.ಎಸ್.ಇ. ಎಂಬುದು. ಇದು ನರಕೋಶದೊಳಗೆ ಸಕ್ಕರೆಯನ್ನು ಶಕ್ತಿಯಾಗಿಸುವ ಕೆಲಸದಲ್ಲಿ ನೆರವಾಗುವ ದ್ರವ್ಯ. ಹೃದಯ ನಿಂತು ಬದುಕಿದ ವಯಸ್ಕರಲ್ಲಿ ಎರಡನೆಯ ಮತ್ತು ಮೂರನೆಯ ದಿನಗಳಲ್ಲಿ ಇದನ್ನು ಅಳೆಯುವ ಪದ್ಧತಿಯು ಯೂರೋಪಿನ ವೈದ್ಯರ ೨೦೨೧ರ ನಿಯಮಾವಳಿಯಲ್ಲಿ ಸೇರಿದೆ. ಇದರ ದೋಷವೇನೆಂದರೆ ರಕ್ತದ ಕೆಂಪು ಕಣಗಳಲ್ಲಿಯೂ ಇದು ಇರುವುದು. ರಕ್ತವನ್ನು ಎಳೆಯುವಾಗಲೋ ಸಾಗಿಸುವಾಗಲೋ ಕೊಳವೆಯು ಕುಲುಕಿ ಆ ಕಣಗಳು ಒಡೆದರೆ, ಮಿದುಳಿನಲ್ಲಿಲ್ಲದ ಹಾನಿಯು ಕಾಗದದ ಮೇಲೆ ಕಾಣಿಸಿಕೊಳ್ಳುವುದು.

ಇವೆರಡಕ್ಕಿಂತಲೂ ಹೆಚ್ಚು ನಚ್ಚಿಗೆ ಅರ್ಹವಾದುವೆಂದು ಈಗ ಎಣಿಸುತ್ತಿರುವ ಕುರುಹುಗಳು ಬೇರೆ. ಜಿ.ಎಫ್.ಎ.ಪಿ. ಎಂಬುದು ಪೋಷಕ ಕಣಗಳ ಒಳಗಿನ ಕಂಬಗಳಂತಿರುವ ನಾರಿನ ದ್ರವ್ಯ. ಲಾರೆನ್ಸ್ ಎಂಗ್ ಎಂಬ ಅಮೆರಿಕದ ವಿದ್ವಾಂಸರು ಸುಮಾರು ೧೯೭೦ರ ವೇಳೆಗೆ ಇದನ್ನು ಗುರುತಿಸಿದರು. ಯು.ಸಿ.ಎಚ್.ಎಲ್.-೧ ಎಂಬುದು ನರಕೋಶದ ಒಳಗಿನದು. ನ್ಯೂರೋಫಿಲಮೆಂಟ್ ಎಂಬುದು ನರಕೋಶದಿಂದ ಹೊರಟ ಉದ್ದನೆಯ ತಂತುಗಳ ಒಡಲಿನದು; ಚಿತ್ರದಲ್ಲಿ ಕಾಣದ ತಂತುಗಳ ಕಡಿತವನ್ನು ತಿಳಿಸಬಲ್ಲುದೆಂಬ ಆಸೆಯು ಇದರ ಮೇಲೆ ಉಂಟು. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಗಡಿಯಾರವಿದೆ. ವಯಸ್ಕರಲ್ಲಿ ನೋಡಿರುವಂತೆ, ಯು.ಸಿ.ಎಚ್.ಎಲ್.-೧ ಮೊದಲ ಎಂಟು ಗಂಟೆಗಳ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗುವುದು, ಜಿ.ಎಫ್.ಎ.ಪಿ. ಸುಮಾರು ಇಪ್ಪತ್ತು ಗಂಟೆಗಳಲ್ಲಿ ತುದಿ ಮುಟ್ಟಿ ಹಲವು ದಿನಗಳವರೆಗೆ ನಿಲ್ಲುವುದು. ನ್ಯೂರೋಫಿಲಮೆಂಟು ದಿನದಿಂದ ದಿನಕ್ಕೆ ನಿಧಾನವಾಗಿ ಏರಿ ವಾರಗಟ್ಟಲೆ ಉಳಿಯುವುದು. ಆದಕಾರಣ ಯಾವ ಕುರುಹನ್ನು ಯಾವ ಹೊತ್ತಿನಲ್ಲಿ ಅಳೆದರು ಎಂಬುದನ್ನು ಹೇಳದೆ ಬರಿಯ ಅಂಕಿಯನ್ನು ಹೇಳಿದರೆ ಅದಕ್ಕೆ ಅರ್ಥವಿಲ್ಲ.

ವಯಸ್ಕರ ವಿಷಯದಲ್ಲಿ ಈ ವಿದ್ಯೆಯು ಪ್ರಯೋಗಶಾಲೆಯಿಂದ ಆಸ್ಪತ್ರೆಯ ಬಾಗಿಲಿಗೆ ಬಂದಾಗಿದೆ. ಜಿ.ಎಫ್.ಎ.ಪಿ. ಮತ್ತು ಯು.ಸಿ.ಎಚ್.ಎಲ್.-೧ ಎರಡನ್ನೂ ಕೂಡಿಸಿ ಅಳೆಯುವ ಒಂದು ಪರೀಕ್ಷೆಗೆ ಅಮೆರಿಕದ ಸರಕಾರದ ಔಷಧ ನಿಯಂತ್ರಣ ಇಲಾಖೆಯು ೨೦೧೮ರ ಫೆಬ್ರವರಿಯಲ್ಲಿ ಅನುಮತಿಯನ್ನಿತ್ತಿತು. ೨೦೨೧ರಲ್ಲಿ ಅಬಟ್ ಕಂಪೆನಿಯ ಕೈಯಲ್ಲಿ ಹಿಡಿಯುವಂತಹ ಯಂತ್ರಕ್ಕೂ, ೨೦೨೪ರ ಏಪ್ರಿಲಿನಲ್ಲಿ ರಕ್ತವನ್ನು ಸೋಸದೆಯೇ ನೇರವಾಗಿ ಹಾಕಿ ಹದಿನೈದು ನಿಮಿಷಗಳಲ್ಲಿ ಉತ್ತರ ಪಡೆಯುವ ಪರೀಕ್ಷೆಗೂ ಒಪ್ಪಿಗೆಯು ದೊರೆಯಿತು. ಇಲ್ಲಿ ಎರಡು ಸಂಗತಿಗಳನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಡಬೇಕು. ಈ ಪರೀಕ್ಷೆಗಳಿಗೆ ಅನುಮತಿಯು ದೊರೆತದ್ದು ಹದಿನೆಂಟು ವರ್ಷ ತುಂಬಿದವರಿಗಾಗಿ. ಎರಡನೆಯದಾಗಿ, ಇವು ಉತ್ತರಿಸುವುದು "ಸಿ.ಟಿ. ಚಿತ್ರ ಬೇಕೇ ಬೇಡವೇ?" ಎಂಬ ಪ್ರಶ್ನೆಗೆ, "ಮುಂದೆ ಏನಾಗುವುದು?" ಎಂಬ ಪ್ರಶ್ನೆಗಲ್ಲ. ಮಕ್ಕಳ ಸಣ್ಣ ಪೆಟ್ಟುಗಳ ಬಗ್ಗೆ ಅಮೆರಿಕದ ಸರಕಾರದ ರೋಗನಿವಾರಣ ಕೇಂದ್ರವು ೨೦೧೮ರಲ್ಲಿ ಹೊರಡಿಸಿದ ನಿಯಮಾವಳಿಯು, ಸಂಶೋಧನೆಯ ಹೊರಗೆ ಇಂತಹ ಕುರುಹುಗಳನ್ನು ಬಳಸಬಾರದೆಂದೇ ಸ್ಪಷ್ಟವಾಗಿ ಹೇಳಿತು.

ದೊಡ್ಡವರಿಗೆ ಸಲ್ಲುವುದು ಮಕ್ಕಳಿಗೇಕೆ ಸಲ್ಲದು? ತಂದೆಯ ಅಂಗಿಯನ್ನು ಮಡಿಚಿ ಹೊಲಿದರೆ ಮಗನಿಗೆ ಆಗಬಹುದು. ಆದರೆ ಮಗುವಿನ ದೇಹವು ದೊಡ್ಡವರ ದೇಹದ ಮಡಿಚಿದ ರೂಪವಲ್ಲ. ಎಳೆಯ ಮಿದುಳು ಪ್ರತಿದಿನವೂ ತನ್ನನ್ನು ತಾನು ಕಟ್ಟಿಕೊಳ್ಳುತ್ತಿರುವುದು. ಕಟ್ಟಡದ ಕೆಲಸ ನಡೆಯುವಲ್ಲಿ ಸುಣ್ಣ ಮರಳು ಚೆಲ್ಲಿರುವುದು ಸಹಜವಲ್ಲವೇ? ಹಾಗೆ ಆರೋಗ್ಯವಂತ ಕೂಸಿನ ರಕ್ತದಲ್ಲಿಯೂ ಈ ದ್ರವ್ಯಗಳು ಸ್ವಲ್ಪ ಹೆಚ್ಚಾಗಿಯೇ ಇರುವುವು. ಎಸ್-೧೦೦-ಬಿ ಹುಟ್ಟಿದ ಹೊಸತರಲ್ಲಿ ಹೆಚ್ಚಾಗಿದ್ದು ಮೊದಲ ವರ್ಷಗಳಲ್ಲಿ ಇಳಿಯುತ್ತ ಬರುವುದು. ನ್ಯೂರೋಫಿಲಮೆಂಟು ಕೂಡ ಶೈಶವದಲ್ಲಿ ಹೆಚ್ಚಿದ್ದು, ಬಾಲ್ಯದಲ್ಲಿ ಇಳಿದು, ವಯಸ್ಸಾದಂತೆ ಮತ್ತೆ ಏರುವುದು. ಆದುದರಿಂದ ಆರು ತಿಂಗಳ ಕೂಸಿಗೆ ಒಂದು, ಆರು ವರ್ಷದ ಮಗುವಿಗೆ ಇನ್ನೊಂದು, ಹದಿನಾರರ ಹುಡುಗನಿಗೆ ಮತ್ತೊಂದು ಗೆರೆಯನ್ನು ಎಳೆಯಬೇಕಾಗುವುದು. ಆ ಗೆರೆಗಳನ್ನು ಎಳೆಯಲು ಸಾವಿರಾರು ಆರೋಗ್ಯವಂತ ಮಕ್ಕಳ ರಕ್ತವೂ ಬೇಕು. ಆರೋಗ್ಯದಿಂದಿರುವ ಮಗುವಿಗೆ ಸೂಜಿ ಚುಚ್ಚಿಸಲು ಯಾವ ತಾಯಿಯು ಸುಲಭವಾಗಿ ಒಪ್ಪುವಳು?

ಇನ್ನೊಂದು ತೊಡಕೂ ಉಂಟು. ದೊಡ್ಡವರಲ್ಲಿ ಚೇತರಿಕೆಯನ್ನು ಅಳೆಯುವುದು ಸುಲಭ. ಅವನು ಮೊದಲಿನಂತೆ ಕೆಲಸಕ್ಕೆ ಹೋದನೇ ಎಂದು ಕೇಳಿದರೆ ಆಯಿತು. ಎರಡು ವರ್ಷದ ಮಗುವು ನಡೆದು ನಕ್ಕು ಉಂಡರೆ ನಾವು ವಾಸಿಯಾಯಿತೆಂದೇ ಸಂತೋಷಪಡುವೆವು. ಆದರೆ ಗಮನವಿಟ್ಟು ಕುಳಿತುಕೊಳ್ಳುವುದು, ಲೆಕ್ಕವನ್ನು ಮನಸ್ಸಿನಲ್ಲಿ ಹಿಡಿಯುವುದು, ಕೋಪವನ್ನು ಅಡಗಿಸಿಕೊಳ್ಳುವುದು, ಇವು ಆ ವಯಸ್ಸಿನಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ಅಂದು ಆದ ಹಾನಿಯು ಶಾಲೆಯ ಮೂರನೆಯ ತರಗತಿಯಲ್ಲಿ ಮೊದಲಬಾರಿಗೆ ಕಾಣಿಸಿಕೊಳ್ಳಬಹುದು. ಆಗ ಮನೆಯವರು ಹಳೆಯ ಪೆಟ್ಟನ್ನು ಮರೆತು ಮಗುವನ್ನು ಸೋಮಾರಿಯೆಂದು ಬೈಯುವರು. ಭವಿಷ್ಯವನ್ನು ಹೇಳುವ ಪರೀಕ್ಷೆಯು ಯಾವ ಭವಿಷ್ಯವನ್ನು ಹೇಳಬೇಕು? ಆರು ತಿಂಗಳದ್ದೋ, ಆರು ವರ್ಷದ್ದೋ?

ಇಷ್ಟೆಲ್ಲ ಕಷ್ಟಗಳಿದ್ದರೂ ಮಕ್ಕಳ ವೈದ್ಯರು ಕೈಕಟ್ಟಿ ಕುಳಿತಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರವು ಈ ಕೆಲಸದಲ್ಲಿ ಹೆಸರಾದುದು. ಅಲ್ಲಿನ ಡಾಕ್ಟರ್ ರೇಚೆಲ್ ಬರ್ಜರ್ ಎಂಬ ವೈದ್ಯೆಯು ಒಂದು ನೋವಿನ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಕೆಲವು ಕೂಸುಗಳನ್ನು ಬರಿಯ ವಾಂತಿಯೆಂದೋ ರಚ್ಚೆಯೆಂದೋ ಆಸ್ಪತ್ರೆಗೆ ತರುವರು. ಬಿದ್ದ ಸಂಗತಿಯನ್ನು ಯಾರೂ ಹೇಳುವುದಿಲ್ಲ. ನಿಜವಾಗಿ ಯಾರೋ ಸಿಟ್ಟಿನಲ್ಲಿ ಆ ಕೂಸನ್ನು ಹಿಡಿದು ಬಲವಾಗಿ ಅಲುಗಿಸಿದ್ದರಿಂದ ಮಿದುಳಿನ ಸುತ್ತ ರಕ್ತವು ಸೋರಿರುವುದು. ಕೂಸು ಹೇಳಲಾರದು, ದೊಡ್ಡವರು ಹೇಳರು. ಇಂತಹ ಶಿಶುಗಳ ರಕ್ತದಲ್ಲಿ ಮೂರು ಕುರುಹುಗಳನ್ನೂ ಹಿಮೋಗ್ಲೋಬಿನನ್ನೂ ಕೂಡಿಸಿ ಲೆಕ್ಕ ಹಾಕುವ ಒಂದು ಕ್ರಮವನ್ನು ಅವರ ತಂಡವು ೨೦೧೭ರಲ್ಲಿ ಪ್ರಕಟಿಸಿತು. ಅದು ಒಳಗೆ ರಕ್ತ ಸೋರಿದ್ದ ಹತ್ತು ಶಿಶುಗಳಲ್ಲಿ ಸುಮಾರು ಒಂಬತ್ತನ್ನು ಗುರುತಿಸಿತು. ಆದರೆ ರಕ್ತ ಸೋರದ ಶಿಶುಗಳಲ್ಲಿ ಅರ್ಧದಷ್ಟರ ವಿಷಯದಲ್ಲಿಯೂ ಸುಳ್ಳು ಎಚ್ಚರಿಕೆಯನ್ನು ಕೊಟ್ಟಿತು. ಎಂದರೆ ಇದು ತೀರ್ಪು ಹೇಳುವ ನ್ಯಾಯಾಧೀಶನಲ್ಲ; "ಈ ಕೂಸನ್ನು ಇನ್ನೊಮ್ಮೆ ನೋಡಿ" ಎಂದು ಬಾಗಿಲು ತಟ್ಟುವ ಕಾವಲುಗಾರ.

ಭವಿಷ್ಯದ ಪ್ರಶ್ನೆಯ ಕಡೆಗೂ ಹೆಜ್ಜೆಗಳು ಬಿದ್ದಿವೆ. ತಲೆಗೆ ಪೆಟ್ಟಾದ ಮಕ್ಕಳಲ್ಲಿ ಯು.ಸಿ.ಎಚ್.ಎಲ್.-೧ ಮತ್ತು ಜಿ.ಎಫ್.ಎ.ಪಿ.ಗಳ ಪ್ರಮಾಣಕ್ಕೂ ಮುಂದಿನ ಚೇತರಿಕೆಗೂ ಸಂಬಂಧವಿದೆಯೆಂದು ೨೦೧೬ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯು ತೋರಿಸಿತು. ಎದೆಯ ಬಡಿತ ನಿಂತು ಮರಳಿ ಬದುಕಿದ ಮಕ್ಕಳನ್ನು ಅಮೆರಿಕದ ೧೪ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ, ಪಿಟ್ಸ್‌ಬರ್ಗಿನ ಡಾಕ್ಟರ್ ಎರಿಕಾ ಫಿಂಕ್ ಮತ್ತು ಸಂಗಡಿಗರು ೨೦೨೨ರಲ್ಲಿ ಒಂದು ವರದಿಯನ್ನು ಹೊರತಂದರು. ಮೊದಲ ಮೂರು ದಿನಗಳಲ್ಲಿ ರಕ್ತವನ್ನು ತೆಗೆದು ನಾಲ್ಕು ಕುರುಹುಗಳನ್ನು ಅಳೆದು, ಒಂದು ವರ್ಷವಾದ ಮೇಲೆ ಆ ಮಕ್ಕಳು ಹೇಗಿರುವರೆಂದು ವಿಚಾರಿಸಿದರು. ತೀರಿಹೋದ ಅಥವಾ ಬಹಳವಾಗಿ ಹಿಂದುಳಿದ ಮಕ್ಕಳ ರಕ್ತದಲ್ಲಿ ಕುರುಹುಗಳು ಹೆಚ್ಚಾಗಿದ್ದವು, ಚೇತರಿಸಿಕೊಂಡವರಲ್ಲಿ ಕಡಿಮೆಯಾಗಿದ್ದವು. ಹೀಗೆ ರಕ್ತವು ಏನೋ ನಿಜವನ್ನು ಹೇಳುತ್ತಿದೆಯೆಂಬುದು ಸಿದ್ಧವಾಯಿತು.

ಆದರೆ ಗುಂಪಿನ ವಿಷಯದಲ್ಲಿ ನಿಜವಾದುದು ಒಂದು ಮಗುವಿನ ವಿಷಯದಲ್ಲಿಯೂ ನಿಜವಾಗಲೇಬೇಕೆಂದಿಲ್ಲ. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ತೀವ್ರವಾದ ಪೆಟ್ಟಾದ ನೂರು ಮಕ್ಕಳಿರುವರೆಂದೂ, ಅವರಲ್ಲಿ ನಲವತ್ತು ಮಂದಿ ಚೆನ್ನಾಗಿ ಚೇತರಿಸಿಕೊಳ್ಳದವರೆಂದೂ ಇಟ್ಟುಕೊಳ್ಳಿರಿ. ಪರೀಕ್ಷೆಯು ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಹೇಳುವಂತಹುದಾಗಲಿ. ಅದು ಆ ನಲವತ್ತರಲ್ಲಿ ಮೂವತ್ತಾರು ಮಂದಿಯನ್ನು ಗುರುತಿಸುವುದು, ನಾಲ್ವರನ್ನು ತಪ್ಪಿಸುವುದು. ಚೇತರಿಸಿಕೊಳ್ಳಲಿರುವ ಅರವತ್ತು ಮಂದಿಯಲ್ಲಿ ಆರು ಮಂದಿಯನ್ನು ಆಸೆಯಿಲ್ಲದವರ ಪಟ್ಟಿಗೆ ಸೇರಿಸಿಬಿಡುವುದು. ಪರೀಕ್ಷೆಯು "ಕಷ್ಟ" ಎಂದ ನಲವತ್ತೆರಡು ಮಕ್ಕಳಲ್ಲಿ ಆರು ಮಕ್ಕಳು ಮುಂದೆ ಶಾಲೆಗೆ ಹೋಗಿ ಆಡಿ ಪಾಡಲಿರುವವರು! ತೊಂಬತ್ತು ಅಂಕ ತೆಗೆದ ವಿದ್ಯಾರ್ಥಿಯನ್ನು ನಾವು ಮೆಚ್ಚುವೆವು. ತೊಂಬತ್ತು ಅಂಕದ ಪರೀಕ್ಷೆಯ ಮಾತಿನ ಮೇಲೆ ಒಂದು ಮಗುವಿನ ಉಸಿರಾಟದ ಯಂತ್ರವನ್ನು ನಿಲ್ಲಿಸಬಹುದೇ?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ತೀವ್ರ ಚಿಕಿತ್ಸೆಯನ್ನು ಮುಂದುವರಿಸಬೇಕೇ ಬೇಡವೇ ಎಂಬ ನಿರ್ಧಾರವು ಆಸ್ಪತ್ರೆಗಳಲ್ಲಿ ನಿಜವಾಗಿಯೂ ಬರುವುದುಂಟು. ನಮ್ಮ ದೇಶದಲ್ಲಿಯಾದರೋ ಹಣದ ಪ್ರಶ್ನೆಯೂ ಅದರೊಡನೆ ಸೇರುವುದು. ಹೊಲವನ್ನು ಅಡವಿಟ್ಟು ಚಿಕಿತ್ಸೆ ಮಾಡಿಸುತ್ತಿರುವ ತಂದೆಗೆ "ಆಸೆಯಿಲ್ಲ" ಎಂಬ ಒಂದು ಕಾಗದವು ಸಾಕು. ಚಿಕಿತ್ಸೆಯನ್ನು ನಿಲ್ಲಿಸಿದರೆ ಮಗುವು ತೀರಿಹೋಗುವುದು. ತೀರಿಹೋಯಿತಾದಕಾರಣ ಭವಿಷ್ಯವು ಸರಿಯಾಗಿತ್ತೆಂದು ಲೆಕ್ಕದಲ್ಲಿ ಬರೆಯುವರು. ಇಂತಹ ಭವಿಷ್ಯವು ತನ್ನನ್ನು ತಾನೇ ನಿಜ ಮಾಡಿಕೊಳ್ಳುವುದು. ಆದಕಾರಣ ವಿವೇಕಿಗಳಾದ ವೈದ್ಯರು ಒಂದೇ ಅಂಕಿಯ ಮೇಲೆ ನಿಲ್ಲದೆ, ಕಣ್ಣಿನ ಪಾಪೆಯ ಪ್ರತಿಕ್ರಿಯೆ, ಮಿದುಳಿನ ವಿದ್ಯುತ್ತಿನ ಲೇಖನ, ಚಿತ್ರಗಳು, ದಿನಗಳು ಕಳೆದಂತೆ ಮಗುವು ತೋರುವ ಬದಲಾವಣೆ ಇವೆಲ್ಲವನ್ನೂ ಕೂಡಿಸಿ ನೋಡುವರು. ರಕ್ತದ ಕುರುಹು ಈ ಪಂಚಾಯಿತಿಯಲ್ಲಿ ಒಬ್ಬ ಸದಸ್ಯನಾಗಿ ಕುಳಿತುಕೊಳ್ಳಲಿ, ಯಜಮಾನನಾಗುವುದು ಬೇಡ.

ಹಾಗಾದರೆ ಇದರಿಂದ ಪ್ರಯೋಜನವೇನು ಎಂದರೆ, ಬಹಳವುಂಟು. ತಾಲ್ಲೂಕಿನ ಆಸ್ಪತ್ರೆಯಲ್ಲಿ ಸಿ.ಟಿ. ಯಂತ್ರವಿಲ್ಲದಿರಬಹುದು. ಬಳ್ಳಾರಿಯ ಕಡೆಯ ಹಳ್ಳಿಯಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಬರುವಷ್ಟರಲ್ಲಿ ಅಮೂಲ್ಯವಾದ ಗಂಟೆಗಳು ಕಳೆದುಹೋಗುವುವು. ಯಾವ ಮಗುವನ್ನು ಕೂಡಲೇ ದೂರಕ್ಕೆ ಕಳುಹಿಸಬೇಕು, ಯಾವುದನ್ನು ಅಲ್ಲಿಯೇ ಇಟ್ಟುಕೊಂಡು ನೋಡಿಕೊಳ್ಳಬಹುದು ಎಂಬುದನ್ನು ಹದಿನೈದು ನಿಮಿಷದ ಪರೀಕ್ಷೆಯು ತಿಳಿಸುವಂತಾದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೊರನೋಟಕ್ಕೆ ವಾಸಿಯಾದ ಯಾವ ಮಗುವಿಗೆ ಮುಂದೆ ಓದಿನಲ್ಲಿಯೂ ನಡೆನುಡಿಯಲ್ಲಿಯೂ ನೆರವು ಬೇಕಾದೀತು ಎಂದು ತಿಳಿದರೆ, ಬೈಗುಳದ ಬದಲು ಶಿಕ್ಷಣದ ಏರ್ಪಾಡನ್ನು ಮಾಡಬಹುದು. ಭವಿಷ್ಯವನ್ನು ತಿಳಿಯುವುದರ ಫಲವು ಕೈಬಿಡುವುದಾಗದೆ ಕೈಹಿಡಿಯುವುದಾಗಬೇಕು. ಆದರೆ ಅದು ಸಿದ್ಧವಾಗುವ ಮೊದಲೇ ಮಕ್ಕಳಿಗೂ ಮಾಡುವೆವೆಂದು ಹಣ ಕೇಳುವವರು ಬಂದರೆ, ಕೂಸು ಹುಟ್ಟು ಮೊದಲೇ ಕುಲಾವಿ ಹೊಲಿಸಿದಂತಾಯಿತೆಂದು ತಿಳಿಯಿರಿ. ಯಾವ ವಯಸ್ಸಿಗೆ, ಯಾವ ಪ್ರಶ್ನೆಗೆ, ಎಷ್ಟು ಗಂಟೆಗಳೊಳಗೆ ಎಂಬ ಮೂರು ಮಾತುಗಳನ್ನು ಕೇಳಿರಿ.

ಇನ್ನು ಮನೆಯಲ್ಲಿ ನಾವು ಮಾಡತಕ್ಕುದು. ಪೆಟ್ಟಾದ ಮಗುವು ಮೇಲಿಂದ ಮೇಲೆ ವಾಂತಿ ಮಾಡಿಕೊಂಡರೆ, ತಲೆನೋವು ಹೆಚ್ಚುತ್ತ ಹೋದರೆ, ಎಬ್ಬಿಸಿದರೂ ಎಚ್ಚರಗೊಳ್ಳದಷ್ಟು ಮಂಪರಾದರೆ, ಫಿಟ್ಸು ಬಂದರೆ, ಕಿವಿ ಮೂಗುಗಳಿಂದ ರಕ್ತವೋ ತಿಳಿನೀರೋ ಸೋರಿದರೆ, ಒಂದು ಕಣ್ಣಿನ ಪಾಪೆಯು ಇನ್ನೊಂದಕ್ಕಿಂತ ದೊಡ್ಡದಾದರೆ, ಕೈಕಾಲುಗಳಲ್ಲಿ ಬಲವಿಲ್ಲದಾದರೆ, ಕ್ಷಣಕಾಲವಾದರೂ ಪ್ರಜ್ಞೆ ತಪ್ಪಿದ್ದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಕೂಸುಗಳಲ್ಲಿ ಹಾಲು ಕುಡಿಯದಿರುವುದು, ಸಮಾಧಾನಕ್ಕೆ ಬಾರದ ಅಳು, ನೆತ್ತಿಯ ಮೆತ್ತನೆಯ ಭಾಗವು ಉಬ್ಬುವುದು ಇವೂ ಅಪಾಯದ ಚಿಹ್ನೆಗಳೇ. "ನಮ್ಮ ಮಗು ಎಂದಿನಂತಿಲ್ಲ" ಎಂಬ ತಾಯಿಯ ಮಾತನ್ನು ವೈದ್ಯರು ಹಗುರವಾಗಿ ಎಣಿಸುವುದಿಲ್ಲ. ಮೇಲೆ ಹೇಳಿದ ೨೦೦೯ರ ನಿಯಮದಲ್ಲಿ ಎರಡು ವರ್ಷಕ್ಕಿಂತ ಚಿಕ್ಕ ಕೂಸುಗಳ ವಿಷಯದಲ್ಲಿ ಆ ಮಾತೂ ಒಂದು ಲಕ್ಷಣವಾಗಿ ಸೇರಿದೆ. ಬಿದ್ದ ಹೊತ್ತು, ಎತ್ತರ, ಬಿದ್ದ ರೀತಿ, ಇವನ್ನು ಮುಚ್ಚಿಡದೆ ಹೇಳಿರಿ. ಅಳುವ ಕೂಸನ್ನು ಎಂದಿಗೂ ಹಿಡಿದು ಅಲುಗಿಸಬೇಡಿರಿ. ಸಹನೆಯು ಮೀರಿದರೆ ಅದನ್ನು ಭದ್ರವಾದ ಕಡೆ ಮಲಗಿಸಿ, ಇನ್ನೊಬ್ಬರ ವಶಕ್ಕೆ ಕೊಟ್ಟು, ಕೊಂಚಹೊತ್ತು ಹೊರಗೆ ಹೋಗಿ ಬನ್ನಿರಿ. ಪೆಟ್ಟಾದ ಮಗುವಿನ ಓದನ್ನೂ ನಡತೆಯನ್ನೂ ವರ್ಷಗಳವರೆಗೆ ಗಮನಿಸಿರಿ. ಉಪಾಧ್ಯಾಯರಿಗೂ ಆ ಸಂಗತಿಯನ್ನು ತಿಳಿಸಿಡಿರಿ.

ಮತ್ತೊಂದು ಮಾತು. ನಮ್ಮ ಕಾಯಿದೆಯು ೨೦೧೯ರ ತಿದ್ದುಪಡಿಯಿಂದ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ದ್ವಿಚಕ್ರವಾಹನದ ಮೇಲೆ ಶಿರಸ್ತ್ರಾಣವನ್ನು ವಿಧಿಸಿದೆ. ೨೦೨೩ರ ಫೆಬ್ರವರಿ ೧೫ರಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಶಿರಸ್ತ್ರಾಣ, ಸವಾರನೊಡನೆ ಬಿಗಿಯುವ ಪಟ್ಟಿ, ಗಂಟೆಗೆ ೪೦ ಕಿಲೋಮೀಟರು ಮೀರದ ವೇಗ ಎಂಬ ನಿಯಮಗಳು ಜಾರಿಗೆ ಬಂದಿವೆ. ತಂದೆಯ ತಲೆಯ ಮೇಲೆ ಶಿರಸ್ತ್ರಾಣವಿದ್ದು, ಮುಂದೆ ನಿಂತ ಮಗುವಿನ ತಲೆಯು ಬರಿದಾಗಿರುವುದನ್ನು ನಮ್ಮ ಬೀದಿಗಳಲ್ಲಿ ದಿನವೂ ಕಾಣುವೆವು. ಮಾಳಿಗೆಗೆ ಒಂದು ಅಡ್ಡಗೋಡೆ, ಮೆಟ್ಟಲಿಗೆ ಒಂದು ಬಾಗಿಲು, ಮಗುವಿನ ತಲೆಗೆ ಅಳತೆಗೆ ಸರಿಯಾದ ಒಂದು ಶಿರಸ್ತ್ರಾಣ, ಇವಕ್ಕೆ ತಗಲುವ ವೆಚ್ಚವು ತೀವ್ರ ಚಿಕಿತ್ಸೆಯ ಒಂದು ದಿನದ ವೆಚ್ಚಕ್ಕೆ ಸಾಟಿಯಲ್ಲ. ಪಿಕೋಗ್ರಾಮುಗಳನ್ನು ಅಳೆಯುವ ವಿದ್ಯೆಯು ಬೆಳೆಯಲಿ. ನಮ್ಮ ಮಕ್ಕಳಿಗೂ ಬೇಗನೆ ದೊರೆಯಲಿ. ಅದು ಬರುವವರೆಗೂ, ಬಂದಮೇಲೆಯೂ, ಅದರ ಅವಶ್ಯಕತೆಯೇ ಬಾರದಂತೆ ನೋಡಿಕೊಳ್ಳುವ ಕೆಲಸವು ನಮ್ಮದು.